ನಾನೇ ಒಲ್ಲೆ ಅಂದದ್ದು

ನಮ್ಮತ್ತೆ ಚನ್ನಗಿರಿಯ ಮಹಿಳಾ ಸಮಾಜದ ಅಧ್ಯಕ್ಷೆ. ತಹಶೀಲ್ದಾರರ ಕಚೇರಿಗೆ ಹೋಗಿ ಕೂತು ಹೊಲಿಗೆ ತರಗತಿಗೆ ಕಟ್ಟಡ ಕೊಡಿಸಿಕೊಂಡು ಬಂದ ಗಟ್ಟಿಗಿತ್ತಿ. ಅದರಲ್ಲಿ ಸುಳ್ಳಿಲ್ಲ. ಆದರೆ ಅವರು ಸಭೆಗೆ ಹೊರಟರೆ ಹದಿನಾಲ್ಕು ಜನರಿಗೆ ರೊಟ್ಟಿ ಬಡಿಯುತ್ತಿದ್ದವಳು ನಾನು, ಹಿರಿಸೊಸೆ. ಇದನ್ನು ಯಾವ ಸಭೆಯಲ್ಲೂ ಯಾರೂ ಹೇಳಲಿಲ್ಲ.

ಎಂಬತ್ತರ ದಶಕದ ಆರಂಭ. ಹೊರದೇಶದ ಒಬ್ಬ ಹೆಂಗಸು ನಮ್ಮ ಕಡೆಯ ಮಹಿಳಾ ಸಮಾಜ, ಯುವತಿ ಮಂಡಳಿಗಳನ್ನು ನೋಡಲು ಬಂದರು. ತಮ್ಮ ಊರಿನಲ್ಲಿ ಹುಡುಗಿಯರಿಗಾಗಿ ಕೇಂದ್ರ ನಡೆಸುತ್ತಿದ್ದವರು. ಅವರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಲು ಯಾರಾದರೂ ಬೇಕಿತ್ತಲ್ಲ, ಬಿ.ಎ. ಮುಗಿಸಿ ಒಲೆ ಮುಂದೆ ಕೂತಿದ್ದ ನಾನು ಆಗ ಅತ್ತೆಗೆ ನೆನಪಾದೆ.

ನಾಲ್ಕು ದಿನ ಜೀಪಿನಲ್ಲಿ ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿದೆವು. ನಡುವೆ ನಾನು, ಆ ಕಡೆ ಅತ್ತೆ, ಈ ಕಡೆ ಆಕೆ. ಅಯ್ಯೋ, ಮದುವೆಯಾದ ಮೇಲೆ ಅಷ್ಟು ಮಾತಾಡಿದ್ದು ಅದೇ ಮೊದಲು! ಹುಡುಗಿಯರು ಕೂತು ಓದಲು ಒಂದು ಜಾಗ ಮಾಡಬೇಕೆಂಬ ಆಸೆಯನ್ನು ಅತ್ತೆಯ ಮಗ್ಗುಲಲ್ಲೇ ಕೂತು ಇಂಗ್ಲಿಷಿನಲ್ಲಿ ಹೇಳಿಕೊಂಡೆ.

"ಏನಂತೆ ಆಯಮ್ಮಂದು?" ಎನ್ನುತ್ತಿದ್ದರು ಅತ್ತೆ.

"ಬಿಸಿಲು ಜಾಸ್ತಿ ಐತೆ ಅಂತಾರೆ," ಎನ್ನುತ್ತಿದ್ದೆ.

ಜಗಳೂರಿನಿಂದ ಬರುವಾಗ ಆಕೆ ಒಂದು ವಿಷಯ ಹೇಳಿದರು. ಇಲ್ಲಿಂದ ಒಬ್ಬ ಹೆಣ್ಣುಮಗಳನ್ನು ನಾಲ್ಕು ತಿಂಗಳು ತಮ್ಮ ಕೇಂದ್ರಕ್ಕೆ ಕರೆಸಿ ಕೆಲಸ ಕಲಿಸುತ್ತಾರಂತೆ. "ನನ್ನನ್ನು ಕರೆಯಿರಿ," ಎಂದುಬಿಟ್ಟೆ. ಎಲ್ಲಿತ್ತೋ ಆ ಧೈರ್ಯ!

ಕೊನೆಯ ದಿನ ಸಮಾಜದ ಕೋಣೆಯಲ್ಲಿ ಬೀಳ್ಕೊಡುಗೆ. ಹೆಣ್ಣುಮಕ್ಕಳು ಮುಂದೆ ಬರಬೇಕೆಂದು ಅತ್ತೆ ಚೆನ್ನಾಗಿಯೇ ಭಾಷಣ ಮಾಡಿದರು. ಆಮೇಲೆ ಆಕೆ ಎದ್ದು, ನಿಮ್ಮ ಸೊಸೆಯನ್ನೇ ಕಳಿಸಿಕೊಡಿ ಎಂದು ಕೇಳಿದರು. ಅದನ್ನು ನಾನೇ ಕನ್ನಡದಲ್ಲಿ ಹೇಳಬೇಕು! ತಲೆ ತಗ್ಗಿಸಿಕೊಂಡು ಹೇಳಿದೆ.

ಅತ್ತೆ ನಗುನಗುತ್ತಲೇ ನನ್ನ ಕಿವಿಯ ಹತ್ತಿರ ಬಗ್ಗಿದರು. "ಮನೇಲಿ ಮಾಡಾಕೆ ಯಾರಿದಾರೆ? ಅತ್ತೆ ಬ್ಯಾಡ ಅಂದ್ಲು ಅಂತ ಹೇಳಬ್ಯಾಡ ಮತ್ತೆ. ನಿನಗೇ ಹೋಗಾಕೆ ಮನಸಿಲ್ಲ ಅಂತ ಹೇಳು."

ಹೇಳಿದೆ. ಆಕೆಗೆ ನಂಬಿಕೆಯಾಗಲಿಲ್ಲ. "ನಿನ್ನೆ ನೀವೇ ಕೇಳಿದಿರಲ್ಲ? ನಿಜವಾಗಿ ನಿಮಗೆ ಏನು ಬೇಕು?" ಎಂದು ನನ್ನ ಮುಖ ನೋಡುತ್ತಾ ನಿಂತರು.

ಆ ಕೋಣೆಯಲ್ಲಿ ಇಂಗ್ಲಿಷ್ ಬರುತ್ತಿದ್ದವರು ನಾವಿಬ್ಬರೇ. ಜೀವ ಹೋಗುವಷ್ಟು ಆಸೆಯಿದೆ, ಇವರು ಬಿಡುವುದಿಲ್ಲ ಎಂದಿದ್ದರೆ ಒಂದು ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಆದರೆ ಅತ್ತೆಯ ಕೈ ನನ್ನ ಬೆನ್ನ ಮೇಲಿತ್ತು. ನಲವತ್ತು ಹೆಂಗಸರು ನನ್ನ ಬಾಯನ್ನೇ ನೋಡುತ್ತಿದ್ದರು. "ಇಲ್ಲ, ನನಗೆ ಇಷ್ಟವಿಲ್ಲ," ಎಂದೆ, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ. ಆಕೆ ಮತ್ತೆ ಕೇಳಲಿಲ್ಲ. ಆ ಜಾಗಕ್ಕೆ ಬೇರೆ ಊರಿನ ಹುಡುಗಿ ಹೋದಳು.

ಅವತ್ತು ಸಂಜೆ ನಮ್ಮೆಜಮಾನರು ಊಟಕ್ಕೆ ಕೂತಾಗ ಅತ್ತೆ ನನ್ನನ್ನು ಹೊಗಳಿದ್ದೇ ಹೊಗಳಿದ್ದು. "ನಾನೇನು ಬ್ಯಾಡ ಅಂದಿಲ್ಲ ಕಣಪ್ಪಾ. ಆಯಮ್ಮ ಎಲ್ಡೆಲ್ಡು ಸಲ ಕೇಳಿದ್ಲು. ಎಲ್ಲರೆದುರಿಗೆ ಇವಳೇ ಒಲ್ಲೆ ಅಂದ್ಲು."

ಯಜಮಾನರು ತಲೆಯೆತ್ತಿ, "ಹೌದೇನೇ?" ಎಂದು ನನ್ನನ್ನು ಕೇಳಿದರು. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದರು.

"ಹೌದು ಕಣ್ರೀ," ಎಂದೆ.