ಬೀಗರು ಮೆಚ್ಚಿದ ಸಣ್ಣ ಕಿಟ್

ಬಹಳ ದಿನ ಸುಮ್ಮನಿದ್ದ ವಾಲ್ವ್ ಆಂಪ್ಲಿಫೈಯರಿನ ಸ್ವಿಚ್ ಹಾಕಿದಾಗ ಮೊದಲು ಬರುವುದು ಸ್ವರವಲ್ಲ, ವಾಸನೆ. ಗಾಜಿನ ವಾಲ್ವುಗಳ ಮೇಲೆ ಕೂತ ಧೂಳು ಕಾದು ಸಣ್ಣಗೆ ಸುಡುತ್ತದೆ. ಅದರ ಹಿಂದೆಯೇ ಟ್ರಾನ್ಸ್‌ಫಾರ್ಮರಿನ ವಾರ್ನಿಶ್ ಬೆಚ್ಚಗಾಗಿ ಮೂಗಿಗೆ ಬಡಿಯುತ್ತದೆ. ಹಾನಗಲ್ಲಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮೊನ್ನೆ ಹಾಗೆಯೇ ಆಯಿತು. ವಾಸನೆ ಬಂದದ್ದೇ ತಡ, ನಮ್ಮ ಬೀಗರು ನೆನಪಾದರು. ನನ್ನ ಮಗಳ ಮಾವ. ಈ ಆಂಪ್ಲಿಫೈಯರಿನ ಕಿಟ್ಟನ್ನು ನಾನು ತರಿಸಿದ್ದೇ ಅವರ ಕಣ್ಣು ತಪ್ಪಿಸಿ.

ಬೀಗರದು ಹಿರೇಕೆರೂರು. ಹೆಣ್ಣು ನೋಡಲು ಬಂದ ದಿನವೇ, “ನಮಗೇನೂ ಬ್ಯಾಡ್ರಿ, ಹುಡುಗಿ ಬಂದ್ರ ಸಾಕು” ಎಂದುಬಿಟ್ಟಿದ್ದರು. ಮನೆಯವರಿಗೆಲ್ಲ ಸ್ವರ್ಗಕ್ಕೆ ಮೂರೇ ಗೇಣು. ನಾನು ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಏನು ಬೇಕು ಎಂದು ಬಾಯಿಬಿಟ್ಟು ಹೇಳುವವರ ಜೊತೆ ಚೌಕಾಶಿ ಮಾಡಬಹುದು. ಏನೂ ಬೇಡ ಎನ್ನುವವರ ಜೊತೆ ಏನು ಮಾಡುವುದು? ನಾನು ಸಹಕಾರಿ ಸಂಘದ ಉಗ್ರಾಣದಲ್ಲಿ ಆಯುಷ್ಯ ಕಳೆದವನು. ತಳಕ್ಕೆ ಕೈ ಹಾಕಿ ನೋಡದೆ ಒಂದು ಚೀಲವನ್ನೂ ಒಳಗೆ ಬಿಟ್ಟವನಲ್ಲ. “ನಿಮಗ ನಿಮ್ಮ ನೆಳ್ಳಿನ ಮ್ಯಾಲೂ ಅನುಮಾನ” ಎಂದು ನನ್ನಾಕೆ ಅಂದಳು. ಇರಲಿ ಬಿಡು ಅಂದೆ.

ಹರೆಯದಲ್ಲಿ ನಾನು ಊರಿನ ರಸಮಂಜರಿ ಪಾರ್ಟಿಯಲ್ಲಿ ಗಿಟಾರ್ ಬಾರಿಸುತ್ತಿದ್ದೆ. ಮಗಳಿಗೆ ಕಲಿಸಿದವನೂ ನಾನೇ. ಅವಳು ನನಗಿಂತ ಚೆನ್ನಾಗಿ ಬಾರಿಸುತ್ತಿದ್ದಳು, ಅವಳ ಮುಂದೆ ಎಂದೂ ಹೇಳಿಲ್ಲ ಅಷ್ಟೆ. ಮದುವೆಯಾಗಿ ಹೊರಡುವಾಗ ಗಿಟಾರನ್ನು ಗೋಡೆಯ ಗೂಟಕ್ಕೇ ತೂಗುಹಾಕಿ, “ಹೋದಕೂಡ್ಲೆ ಇದನ್ನ ಹಿಡಕೊಂಡು ಕುಂತ್ರ ಅವ್ರು ಏನ ಅಂದಾರು, ಇಲ್ಲೇ ಇರ್ಲಿ ಬಿಡಪ್ಪಾ” ಎಂದಳು. ಅದೇ ಜಾಣತನ ಅಂತ ನನಗೂ ಅನಿಸಿತು.

ನಿವೃತ್ತನಾದ ಮೇಲೆ, ಗಿಟಾರಿನ ದನಿ ಏರಿಸಲು ಕೈಯಾರೆ ಒಂದು ವಾಲ್ವ್ ಆಂಪ್ಲಿಫೈಯರ್ ಕಟ್ಟಬೇಕೆಂಬ ಹುಚ್ಚು ನನಗೆ ಹತ್ತಿತು. ಪಾರ್ಟಿಯ ಮಾಲೀಕರ ಬಳಿ ಅಂಥದ್ದೊಂದು ಹಳೆಯದಿತ್ತು. ಅದರ ದನಿ... ಬಿಸಿ ಅನ್ನಕ್ಕೆ ತುಪ್ಪ ಬಿದ್ದ ಹಾಗೆ. ಈಗ ಇವು ಕಿಟ್ಟಿನ ರೂಪದಲ್ಲಿ ಸಿಗುತ್ತವೆ. ಬಿಡಿಭಾಗ, ನಕ್ಷೆ, ಪೆಟ್ಟಿಗೆ ಎಲ್ಲ ಕಳಿಸುತ್ತಾರೆ, ಬೆಸುಗೆ ಹಾಕಿ ಜೋಡಿಸುವ ಕೆಲಸ ನಮ್ಮದು. ಕಳಿಸುವವರನ್ನು ನಂಬುವುದು ಹೇಗೆ ಎಂಬುದೇ ನನ್ನ ಚಿಂತೆ. ಒಬ್ಬನ ಪುಟದ ತುಂಬ ಚಂದದ ಫೋಟೋಗಳು, ಟ್ರಾನ್ಸ್‌ಫಾರ್ಮರ್ ಜೊತೆಗೆ ಬರುತ್ತದೋ ಇಲ್ಲವೋ ಎಂಬುದು ಮಾತ್ರ ಎಲ್ಲೂ ಇಲ್ಲ. ಇನ್ನೊಬ್ಬನದು ಹೊರದೇಶದ ಕರೆಂಟಿಗೆ ಮಾಡಿದ್ದು, ನಮ್ಮ ಪ್ಲಗ್ಗಿಗೆ ಚುಚ್ಚಿದರೆ ಹೊಗೆಯೇ ಗತಿ. ಮತ್ತೊಬ್ಬನನ್ನು ಹೊಗಳಿದವರೆಲ್ಲ ಒಂದೇ ವಾರದಲ್ಲಿ ಹೊಗಳಿ ಮುಗಿಸಿದ್ದರು. ಹೀಗೆ ತಿಂಗಳುಗಟ್ಟಲೆ ಮೊಬೈಲ್ ತಿಕ್ಕುತ್ತ ಕೂತಿದ್ದಾಗ ಬೀಗರು ಬಂದರು.

ಅಕ್ಕಿಆಲೂರಿನ ಅಕ್ಕನ ಮನೆಗೆ ಬಂದವರು ಹಾಗೇ ಬಸ್ಸು ಹತ್ತಿ ನಮ್ಮಲ್ಲಿಗೂ ಬಂದಿದ್ದರು. ಚಹಾ ಕುಡಿಯುತ್ತ ನನ್ನ ಮೊಬೈಲಿನಲ್ಲಿ ಇಣುಕಿದರು. ಏನೆಂದು ಕೇಳಿದರು. ಹೇಳಿದೆ. ಚಷ್ಮಾ ಹಾಕಿಕೊಂಡು ಪಕ್ಕದಲ್ಲೇ ಕೂತುಬಿಟ್ಟರು. ಅಂದಿನಿಂದ ಅಕ್ಕನ ಮನೆಗೆ ಅವರ ಓಡಾಟ ಹೆಚ್ಚಾಯಿತು, ನಮ್ಮ ಮನೆಗೂ. ಹೊಲದಲ್ಲಿ ಗೋವಿನಜೋಳ ನಿಂತಿರುವಾಗ ಹಂಸಭಾವಿ ದಾಟಿ, ಅಕ್ಕಿಆಲೂರು ದಾಟಿ, ಬಸ್ಸಿನಲ್ಲಿ ಜೋತುಬಿದ್ದು ಬರುವ ರೈತನಿಗೆ ವಾಲ್ವಿನ ಕಿಟ್ಟಿನಿಂದ ಆಗಬೇಕಾದ್ದೇನು? ಗಿಟಾರಿಗೆ ತಂತಿ ಎಷ್ಟು ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಅವರು ಕೇಳುತ್ತಿದ್ದ ಪ್ರಶ್ನೆಗಳೋ, ಒಂದಕ್ಕಿಂತ ಒಂದು ವಿಚಿತ್ರ.

“ಇದು ಎಷ್ಟ ವಜ್ಜ ಆಕ್ಕತ್ರಿ ಬೀಗರ? ಹೆಣ್ಣಮಕ್ಕಳು ಎತ್ತಿ ಇಡಬಹುದೇನ್ರಿ? ಮಲಗೋ ಖೋಲ್ಯಾಗ ಹಿಡಿತೈತಿ?”

ಯಾರ ಮಲಗುವ ಖೋಲಿ? ಯಾವ ಹೆಣ್ಣುಮಕ್ಕಳು? ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎಷ್ಟು ಕಿಟ್ ತೋರಿಸಿದರೂ ಅವರ ಮನಸ್ಸು ಒಂದಕ್ಕೇ ಅಂಟಿಕೊಂಡಿತ್ತು. ಐದು ವ್ಯಾಟಿನದು, ಮೂರೇ ವಾಲ್ವು, ಕಂಕುಳಲ್ಲಿ ಇಟ್ಟುಕೊಂಡು ಒಯ್ಯಬಹುದಾದಷ್ಟು ಸಣ್ಣದು. “ಆ ಸಣ್ಣದು ತೋರಸ್ರಿ ಇನ್ನೊಮ್ಮೆ. ಛಲೋ ಐತಲ್ರಿ?” ಎನ್ನುತ್ತಿದ್ದರು. ಛಲೋ ಇದ್ದದ್ದು ನಿಜವೇ. ಯಾವ ತಂತಿ ಎಲ್ಲಿಗೆ ಎಂದು ಹಂತಹಂತವಾಗಿ ಚಿತ್ರ ಬರೆದು ಕೊಟ್ಟಿದ್ದರು, ಟ್ರಾನ್ಸ್‌ಫಾರ್ಮರೂ ನಮ್ಮ ಕರೆಂಟಿನದೇ. ಮೊದಲ ಸಲ ಕಟ್ಟುವವನಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇರಲಿಲ್ಲ.

ಆದರೆ ನಮ್ಮ ಕಡೆಯ ರೀತಿ ಗೊತ್ತಲ್ಲ. ಗಂಡಿನ ಕಡೆಯ ಬೀಗರು ಹೆಣ್ಣಿನ ತವರಿಗೆ ಬಂದು ಒಂದು ತಂಬಿಗೆಯನ್ನು ಎರಡು ಸಲ ಹೊಗಳಿದರೆ, ಮೂರನೆಯ ಸಲಕ್ಕೆ ನಾವು ಅದನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಡಬೇಕು. ಬೇಕು ಅಂತ ಯಾರೂ ಅನ್ನುವುದಿಲ್ಲ, ಹೊಗಳುತ್ತಾರೆ. ಇವರು ಸಣ್ಣ ಕಿಟ್ಟನ್ನು ಹೊಗಳಿದ್ದಕ್ಕೆ ಲೆಕ್ಕವೇ ಇರಲಿಲ್ಲ. ಸರಿ, ಏನೂ ಬೇಡ ಅಂದವರು ಈಗ ಬಾಯಿ ತೆರೆಯುತ್ತಿದ್ದಾರೆ ಎಂದುಕೊಂಡೆ. ಇಂದು ಇದು ಹೋದರೆ ನಾಳೆ ಇನ್ನೊಂದು. ಇಲ್ಲ ಅಂದರೆ? ಮಗಳು ಇರುವುದು ಅವರ ಮನೆಯಲ್ಲಿ. ಅವಳಿಗೆ ಅಲ್ಲಿ ಒಂದು ಮಾತು ಬಂದರೂ ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ, ನನ್ನ ಹೆದರಿಕೆ ಇದ್ದದ್ದು ಅದೊಂದೇ. ಫೋನ್ ಮಾಡಿದಾಗಲೆಲ್ಲ, ನಿಮ್ಮ ಮಾವ ಏನಾದರೂ ಅಂದರಾ ಎಂದು ಕೇಳುತ್ತಿದ್ದೆ. “ಏನಿಲ್ಲಪ್ಪಾ” ಎನ್ನುತ್ತಿದ್ದಳು, ಆದರೆ ಒಂದು ಚೂರು ತಡೆದು. ಆ ತಡೆಯುವಿಕೆ ನನ್ನ ನಿದ್ದೆ ಕೆಡಿಸಿತು.

ಒಮ್ಮೆ ಬೀಗರು, “ಅರ್ಥಿಂಗ್ ಇಲ್ಲದ ಮನ್ಯಾಗ ಇದನ್ನ ಇಟ್ರ ಏನಾಕ್ಕತ್ರಿ?” ಎಂದು ಕೇಳಿದರು. ಅವರ ಆಸೆಯನ್ನು ಅಲ್ಲಿಗೇ ಚಿವುಟಿಹಾಕಬೇಕು ಅನಿಸಿತು.

“ತಂತಿ ಹಿಡಿದವ್ರು ಕುಂತಲ್ಲೇ ಕರಕಲ್ರಿ. ಆಟಲ್ಲ ಇದು” ಎಂದೆ.

ಸುಳ್ಳೇನಲ್ಲ. ವಾಲ್ವ್ ಆಂಪ್ಲಿಫೈಯರಿನೊಳಗಿನ ಕರೆಂಟು ಮನೆಯ ಕರೆಂಟಿಗಿಂತ ಜೋರು, ಸೋರಿದ್ದು ಭೂಮಿಗೆ ಇಳಿಯದಿದ್ದರೆ ಗಿಟಾರ್ ಹಿಡಿದ ಕೈಗೇ ಬರುತ್ತದೆ. ಬೀಗರ ಮುಖ ಬಾಡಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಗೆದ್ದೆ ಅಂದುಕೊಂಡೆ.

ಆದರೂ ಸಣ್ಣದನ್ನು ತರಿಸುವ ಧೈರ್ಯ ಸಾಲಲಿಲ್ಲ. ಅವರಿಗೆ ಹೇಳದೆ ದೊಡ್ಡ ಕಿಟ್ ತರಿಸಿದೆ. ನನ್ನ ಯೋಗ್ಯತೆಗೆ ಮೀರಿದ್ದು ಎಂದು ಗೊತ್ತಿದ್ದೇ ತರಿಸಿದೆ. ಯಾರೂ ಹೊಗಳಬಾರದು, ಯಾರೂ ಎತ್ತಿಕೊಂಡು ಹೋಗಬಾರದು. ಮುಂದಿನ ಸಲ ಬಂದಾಗ ಬೀಗರು ಆ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಒಂದು ಮೂಲೆ ಹಿಡಿದು ಎತ್ತಿ ನೋಡಿ, ಕೆಳಗಿಟ್ಟರು.

“ಭಾಳ ವಜ್ಜ ಐತ್ರಿ” ಎಂದರು. ಕೈ ಒರೆಸಿಕೊಳ್ಳುತ್ತ, “ಆ ಸಣ್ಣದು?”

“ಅದು ಆಟಗಿ ಸಾಮಾನ್ರಿ ಬೀಗರ.”

ಹೌದೌದು ಎಂದು ನಕ್ಕರು. ಆಮೇಲೆ ಕಿಟ್ಟಿನ ಸುದ್ದಿ ಎತ್ತಲೇ ಇಲ್ಲ. ಬರುವುದೂ ಕಡಿಮೆಯಾಯಿತು. ನೋಡಿದೆಯಾ, ಆಸೆ ಇದ್ದದ್ದು ಅದರ ಮೇಲೇ ಎಂದು ನನ್ನಾಕೆಗೆ ಹೇಳಿದೆ. ಅವಳು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ದೊಡ್ಡ ಕಿಟ್ಟೂ ನನ್ನನ್ನು ಕಾಡದೆ ಬಿಡಲಿಲ್ಲ. ಕಟ್ಟಿ ಮುಗಿಸುವಷ್ಟರಲ್ಲಿ ಮಳೆಗಾಲ ಕಳೆಯಿತು, ಅದರ ಗುಂಯ್ ಎನ್ನುವ ಸದ್ದು ಇವತ್ತಿಗೂ ಪೂರ್ತಿ ಹೋಗಿಲ್ಲ. ವಾಲ್ವುಗಳು ಸವಿಯಾಗಿ ನುಡಿಯುವುದು ದನಿ ಏರಿಸಿದಾಗ. ಇದರ ದನಿ ಏರಿಸಿದರೆ ಓಣಿಯವರು ಬಾಗಿಲಿಗೆ ಬರುತ್ತಾರೆ.

ಮುಂದಿನ ಬೇಸಿಗೆಯಲ್ಲಿ ಬೀಗರು ತೀರಿಕೊಂಡರು. ಹೊಲದಿಂದ ಬಂದವರು ಕಟ್ಟೆಯ ಮೇಲೆ ಕೂತರಂತೆ, ಮತ್ತೆ ಏಳಲಿಲ್ಲ... ನಾವು ಹಿರೇಕೆರೂರಿಗೆ ಹೋದೆವು. ಕಾರ್ಯಗಳೆಲ್ಲ ಮುಗಿದ ಮೇಲೆ ಮಗಳ ಖೋಲಿಯಲ್ಲಿ ಒರಗಿದ್ದಾಗ ಕಿಟಕಿಯ ಪಕ್ಕದ ಪ್ಲಗ್ಗು ಕಣ್ಣಿಗೆ ಬಿತ್ತು. ಮನೆಯಲ್ಲೆಲ್ಲ ಹಳೆಯ ಕರೀ ಸ್ವಿಚ್ಚುಗಳು, ಇಲ್ಲಿ ಮಾತ್ರ ಮೂರು ತೂತಿನ ಹೊಸ ಪ್ಲಗ್ಗು. ಅದರ ಕೆಳಗೊಂದು ಖಾಲಿ ಹಲಗೆ. ಏಸಿ ತರಿಸುವವರಿದ್ದಾರೋ, ನಮ್ಮಿಂದಲೇ ತರಿಸುವವರಿದ್ದಾರೋ... ಸಾವಿನ ಮನೆಯಲ್ಲೂ ನನ್ನ ತಲೆ ಓಡಿದ್ದು ಆ ಕಡೆಗೇ.

ಇದು ಯಾತಕ್ಕೆ ಎಂದು ಮಗಳನ್ನು ಕೇಳಿದೆ. ಬಾರಪ್ಪಾ ಎಂದು ನೀರಿನ ಬಿಂದಿಗೆ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಅದೇ ಕಿಟಕಿಯ ಕೆಳಗೆ ನೆಲದಿಂದ ಒಂದು ಪೈಪಿನ ಬಾಯಿ ಮೇಲೆ ಬಂದಿತ್ತು. ಬಿಂದಿಗೆಯ ನೀರನ್ನು ಅದರೊಳಗೆ ಸುರಿದಳು. ನೋಡಿದ ತಕ್ಷಣ ಗೊತ್ತಾಯಿತು, ಅರ್ಥಿಂಗ್ ಗುಂಡಿ. ಆಳಕ್ಕೆ ತೋಡಿ, ಉಪ್ಪು ಇದ್ದಲು ತುಂಬಿ, ತಂತಿ ಇಳಿಸಿರುತ್ತಾರೆ. ಮಣ್ಣು ಒಣಗದಂತೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು.

“ಮಾವಾರು ತಾವ ನಿಂತು ತೋಡಿಸ್ಯಾರ” ಎಂದಳು. “ನಾ ಲಟ್ಟಣಗಿ ಮ್ಯಾಲ ಬೆರಳ ಆಡಿಸೋದು ನೋಡಿ, ಏನವ್ವಾ ಅದು ಅಂತ ಕೇಳಿದ್ರು. ಗಿಟಾರ ಬಾರಸ್ತಿದ್ದೆ ಅಂದೆ. ನೀ ಆ ಸಣ್ಣದನ್ನ ಕಟ್ಟಿದ್ರ, ಗಿಟಾರ ಜೋಡಿ ಅದನ್ನೂ ನನಗ ಕಳಸ್ತಿ ಅಂತ ಅವ್ರ ಆಸೆ. ಬಾಯಿಬಿಟ್ಟು ಅಂದ್ರ ಬೇಡಿಕಿ ಆಕ್ಕತಿ, ಬೀಗರು ತಪ್ಪು ತಿಳಕೋತಾರ, ನೀನೂ ಹೇಳಬ್ಯಾಡ ಅಂದಿದ್ರು.”

ಯಾವಾಗ ತೋಡಿಸಿದರು ಎಂದು ಕೇಳಿದೆ. ಒಂದು ದಿನ ಹಾನಗಲ್ಲಿನಿಂದ ಬಂದವರೇ ಹೆದರಿಕೊಂಡಿದ್ದರಂತೆ, ಮರುದಿನವೇ ಆಳು ಕರೆಸಿದರಂತೆ. ದೊಡ್ಡ ಪೆಟ್ಟಿಗೆ ನೋಡಿ ಹೋದ ಮೇಲೂ ದಿನಾ ನೀರು ಹಾಕಿಸುವುದನ್ನು ಬಿಟ್ಟಿರಲಿಲ್ಲ.

ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ಸಲ ಬಸ್ಸು ಹತ್ತಿ ಬಂದ ಮನುಷ್ಯನಿಗೆ “ಸೊಸಿಗೆ” ಎಂಬ ಒಂದು ಮಾತು ಆಡಲು ಏನಾಗಿತ್ತು? ಹಾಗಂತ ಬೈದುಕೊಳ್ಳುತ್ತಲೇ ಸಣ್ಣ ಕಿಟ್ ತರಿಸಿದೆ. ಕೆಲವೇ ಸಂಜೆಗಳಲ್ಲಿ ಅದು ತಯಾರಾಯಿತು. ಹೋದ ತಿಂಗಳು ಗಿಟಾರನ್ನು ಹೆಗಲಿಗೆ ಹಾಕಿ, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗಿ, ಆ ಹಲಗೆಯ ಮೇಲೆ ಇಟ್ಟು ಬಂದೆ. ಮಗಳು ತಂತಿ ಒತ್ತಿ ಹಾ ಎಂದು ಕೈ ತೆಗೆದಳು. ಇಷ್ಟು ದಿನ ಬಾರಿಸದೆ ಬೆರಳ ತುದಿಗಳು ಮೆತ್ತಗಾಗಿದ್ದವು. ಇನ್ನು ಮೊದಲಿನಿಂದ ಕಲಿಯಬೇಕು.

ಮೊನ್ನೆ ಫೋನಿನಲ್ಲಿ ನಾಲ್ಕು ಸಾಲು ಬಾರಿಸಿ ಕೇಳಿಸಿದಳು. ತಡವರಿಸುತ್ತಿದ್ದಳು, ದನಿ ಮಾತ್ರ ನಾನು ಬಯಸಿದ್ದೇ. ಆ ಮನೆಯಲ್ಲಿ ಅದನ್ನು ಕೇಳಲು ಕಾದವರು ಈಗಿಲ್ಲ.

“ಮಾವಾರು ಇದ್ದಾಗ ಯಾಕ ತರಲಿಲ್ಲಪ್ಪಾ ಇದನ್ನ?”

“ಬೇಕಂತ ಅವ್ರು ಒಂದ ದಿನಾನೂ ಅನ್ನಲಿಲ್ಲವ್ವಾ.”

“ಇನ್ನ ಹ್ಯಾಂಗ ಅನ್ನಬೇಕಿತ್ತು?”