ಕೊಡದೆ ಉಳಿದ ಒಂಬತ್ತು ದೂರುಗಳು

ಇವತ್ತು ಬೆಳಿಗ್ಗೆ ಶಿನಾಗಾವಾದ ನನ್ನ ಪುಟ್ಟ ಆಫೀಸಿನ ಮೇಜಿನ ಮೇಲೆ ಒಂದು ಬಿಳಿ ಲಕೋಟೆ ಇತ್ತು. ಒಳಗೆ ಒಂದೇ ಸಾಲು: ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ. ಜಪಾನಿನಲ್ಲಿ ರಾಜೀನಾಮೆಯ ರೂಢಿಯೇ ಹಾಗೆ. ಯಾರೇ ಬಿಡಲಿ, ಯಾಕೇ ಬಿಡಲಿ, ಸಾಲು ಅದೇ. ನಾಲ್ಕು ವರ್ಷದಿಂದ ನನ್ನ ಜೊತೆ ದುಡಿಯುತ್ತಿದ್ದ ಮೈಸೂರಿನ ಹೆಣ್ಣುಮಗಳು ಅದನ್ನು ಇಟ್ಟುಹೋಗಿದ್ದಳು. ಲಕೋಟೆಯನ್ನು ಎಡಗಡೆ ಇಟ್ಟೆ, ಬಲಗಡೆ ಇಟ್ಟೆ, ಎದ್ದು ಕಿಟಕಿಯ ತನಕ ಹೋಗಿ ಬಂದು ಮತ್ತೆ ಓದಿದೆ. ಒಂದು ಸಾಲನ್ನು ಎಷ್ಟು ಸಲ ಓದುವುದು... ಕೊನೆಗೆ ಕೆಳಗಿನ ಡ್ರಾಯರು ಎಳೆದು, ವರ್ಷಗಳಿಂದ ಅಲ್ಲೇ ಬಿದ್ದಿದ್ದ ಇನ್ನೊಂದು ಹಾಳೆ ತೆಗೆದೆ. ಅದರ ತುಂಬ ಕೆಂಪು ಶಾಯಿ. ನನ್ನ ಸೆನ್ಸೇ ತಿದ್ದಿದ್ದು.

ಸೆನ್ಸೇ ಅಂದರೆ ಜಪಾನಿಯಲ್ಲಿ ಟೀಚರು, ನಮ್ಮ ಮೇಡಂ ಇದ್ದ ಹಾಗೆ. ಆಗ ನಾನು ಬೆಂಗಳೂರಿನ ಕಂಪನಿಯೊಂದು ಇಲ್ಲಿಗೆ ಕಳಿಸಿದ್ದ ಇಂಜಿನಿಯರು. ಕೋಟೋ ಎಂಬ ಬಡಾವಣೆಯಲ್ಲಿ ನಮ್ಮ ಫ್ಲಾಟಿನ ಹತ್ತಿರದ ಸಮುದಾಯ ಭವನದಲ್ಲಿ ಶನಿವಾರ ವಿದೇಶಿಯರಿಗೆ ಪುಕ್ಕಟೆ ಜಪಾನಿ ಪಾಠ ನಡೆಯುತ್ತಿತ್ತು. ಪುಕ್ಕಟೆ ಅಂದಮೇಲೆ ನಾನು ಬಿಡುವವನಲ್ಲ. ಕಲಿಸುತ್ತಿದ್ದವರು ಎಪ್ಪತ್ತು ದಾಟಿದ ಹೆಂಗಸು, ಶಾಲೆಯಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಮೊದಲ ದಿನವೇ ಚೌಕಾಸಿಗೆ ಇಳಿದೆ. ಪಾಠದ ಪುಸ್ತಕ ಬೇಡ, ನನ್ನ ಆಫೀಸಿನ ಪತ್ರಗಳನ್ನು ತಿದ್ದಿಕೊಡಿ ಎಂದೆ. ಅವರು ಒಪ್ಪಿದರು, ಆದರೆ ವಾರಕ್ಕೆ ಎರಡು ಪುಟ ತಾವು ಆರಿಸಿದ ಪುಸ್ತಕ ಓದಬೇಕೆಂಬ ಷರತ್ತು ಹಾಕಿದರು. ಅದು ಅಮೆರಿಕದ ವಸಾಹತುಗಳು ಬ್ರಿಟಿಷರಿಂದ ಬಿಡಿಸಿಕೊಂಡ ಕಥೆ. ಶಾಲೆಯಲ್ಲಿ ಅದಕ್ಕೆ ಒಂದೇ ಪೀರಿಯಡ್ಡು ಸಿಗುತ್ತಿತ್ತಂತೆ. ಪ್ರತಿ ವರ್ಷ ಅರ್ಧದಲ್ಲೇ ಗಂಟೆ ಹೊಡೆಯುತ್ತಿತ್ತಂತೆ. "ಒಬ್ಬರಿಗಾದರೂ ಪೂರ್ತಿ ಹೇಳಿ ಮುಗಿಸಬೇಕು" ಅಂದರು. ಹೊಸದಾಗಿ ಬರುವವರಿಗೆ ನಾನು ಈಗಲೂ ಹೇಳುತ್ತೇನೆ, ಪುಕ್ಕಟೆ ಸಿಗುವಲ್ಲೂ ಚೌಕಾಸಿ ಮಾಡಿ. ಎದುರಿನವರಿಗೆ ಏನು ಬೇಕಾಗಿದೆ ಎಂಬುದು ಆಗಲೇ ತಿಳಿಯುವುದು.

ಬಾರ್ಲಿ ಚಹಾದ ಲೋಟಗಳನ್ನು ಮುಂದಿಟ್ಟುಕೊಂಡು ಓದುತ್ತಿದ್ದೆವು. ತೆರಿಗೆ ವಿರೋಧಿಸಿ ಆ ವಸಾಹತಿನ ಜನ ಸಮುದ್ರಕ್ಕೆ ಎಸೆದ ಬ್ರಿಟಿಷರ ಚಹಾ ಮೊದಲಿಗಿಂತ ಅಗ್ಗವಾಗಿತ್ತು ಎಂದಾಗ ನಾನು ನಂಬಲಿಲ್ಲ.

"ಅಗ್ಗದ ಮಾಲನ್ನ ಯಾರಾದ್ರೂ ನೀರಿಗೆ ಹಾಕ್ತಾರಾ ಸೆನ್ಸೇ?" ನನ್ನ ಹರುಕು ಜಪಾನಿಯಲ್ಲಿ ಕೇಳಿದೆ.

"ಚೌಕಾಸಿ ಮಾಡುವವರು ನೀವು, ಹಾಕುವುದಿಲ್ಲ" ಎಂದು ನಕ್ಕರು. "ಆದರೆ ತೆರಿಗೆ ಹಾಕಿದ ಲಂಡನ್ನಿನ ಸಭೆಯಲ್ಲಿ ಅವರ ಕಡೆಯವರು ಒಬ್ಬರೂ ಕೂತಿರಲಿಲ್ಲ."

ಆ ಮಾತು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ನಾನು ಎಲ್ಲಿರಬೇಕು, ಯಾವಾಗ ರಜೆ ಹೋಗಬೇಕು, ವೀಸಾ ಮುಂದುವರಿಯಬೇಕೋ ಬೇಡವೋ, ಎಲ್ಲವೂ ನಾನಿಲ್ಲದ ಕೋಣೆಯಲ್ಲೇ ತೀರ್ಮಾನವಾಗುತ್ತಿತ್ತು. ಕೆಲಸ ಬಿಟ್ಟು ಸ್ವಂತ ಆಫೀಸು ತೆರೆಯುವ ಆಸೆಯೂ ಇತ್ತು, ಹೆದರಿಕೆಯೂ ಇತ್ತು. ಆಮೇಲಿನ ಪುಟಗಳನ್ನು ನಾನೇ ಅವಸರಿಸಿ ಓದಿಸಿಕೊಂಡೆ. ಹೊಡೆದಾಟ ಶುರುವಾಗಿ ಹೆಣ ಬಿದ್ದ ಮೇಲೂ ಆ ಜನ ರಾಜನಿಗೆ ಇನ್ನೊಂದು ವಿನಂತಿ ಪತ್ರ ಕಳಿಸಿದ್ದರು, ತುಂಬ ವಿನಯದಿಂದ. ರಾಜ ಅದನ್ನು ಓದಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು ಸೆನ್ಸೇ ನನ್ನಿಂದ ಇನ್ನೊಮ್ಮೆ ಓದಿಸಿದರು... ಮರು ವರ್ಷ ಆ ಜನ ಸ್ವಾತಂತ್ರ್ಯ ಸಾರಿದರು. ಬೂಟಿಲ್ಲದ ಕಾಲಲ್ಲಿ ಹಿಮ ತುಳಿದು, ಸೋತು, ಓಡಿ, ಮತ್ತೆ ಬಂದು, ಯುದ್ಧ ಮುಗಿಯಲು ಎಂಟು ವರ್ಷ ಹಿಡಿಯಿತು. ಸ್ವಾತಂತ್ರ್ಯ ಸಾರಿದ ಆ ಪತ್ರದ ಮೊದಲ ಚೆಂದದ ಸಾಲುಗಳನ್ನು ದಾಟಿದರೆ ಹೆಚ್ಚಿನದೆಲ್ಲ ದೂರಿನ ಪಟ್ಟಿ. ರಾಜ ಹೀಗೆ ಮಾಡಿದ, ರಾಜ ಹಾಗೆ ಮಾಡಿದ.

ಕೆಲಸ ಬಿಡುವ ಯೋಚನೆಯನ್ನು ಸೆನ್ಸೇಗೆ ಹೇಳಿಕೊಂಡೆ. "ಮುಂದಿನ ವಾರ ನಿಮ್ಮ ದೂರಿನ ಪಟ್ಟಿ ಬರೆದು ತನ್ನಿ" ಅಂದರು.

ಹದಿನಾಲ್ಕು ಬರೆದುಕೊಂಡು ಹೋದೆ. ಮ್ಯಾನೇಜರು ಅಹಂಕಾರಿ ಎಂಬುದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು. "ಇದು ಬೈಗುಳ. ನಡೆದದ್ದನ್ನು ಬರೆಯಿರಿ." ಅಪ್ಪನ ಆಪರೇಷನ್ನಿಗೆ ಕೇಳಿದ ರಜೆಯನ್ನು ಯಾರನ್ನೂ ವಿಚಾರಿಸದೆ ಇಲ್ಲವೆಂದದ್ದು ಉಳಿಯಿತು. ನನ್ನನ್ನು ಕೇಳದೆ ಮೂರು ಸಲ ಮನೆ ಬದಲಿಸಿದ್ದು ಉಳಿಯಿತು. ಒಟ್ಟು ಒಂಬತ್ತು ಉಳಿದವು. ನಾನು ಎದೆಯುಬ್ಬಿಸಿ, ರಾಜೀನಾಮೆಯಾಗಿ ಇದನ್ನೇ ಕೊಡುತ್ತೇನೆ ಎಂದೆ. ಇಲ್ಲಿನ ರೂಢಿ ಒಂದೇ ಸಾಲಿನದು ಎಂದು ಅವರು ತಿಳಿಸಿದರು. "ಯಾವುದನ್ನು ಕೊಡುತ್ತೀರೋ ನಿಮಗೆ ಬಿಟ್ಟದ್ದು. ನಾನು ಭಾಷೆ ತಿದ್ದಿದೆ, ಅಷ್ಟೇ."

ಮನೆಗೆ ಬಂದು ಲೆಕ್ಕ ಹಾಕಿದೆ. ಬಿಡುಗಡೆ ಪತ್ರ ಬೇಗ ಸಿಗಬೇಕಿತ್ತು, ಇವರಿಂದಲೇ ನಾಳೆ ಕೆಲಸವೂ ಬರಬಹುದಿತ್ತು. ಒಂದೇ ಸಾಲು ಕೊಟ್ಟೆ. ಹೂಗುಚ್ಛ ಕೊಡುತ್ತ ಮ್ಯಾನೇಜರು, "ಏನಾದ್ರೂ ಪ್ರಾಬ್ಲಮ್ ಇದ್ದಿದ್ರೆ ಹೇಳ್ಬೋದಿತ್ತಲ್ಲ ಗುರು" ಅಂದರು. "ಏನಿಲ್ಲ ಸರ್, ಪರ್ಸನಲ್" ಅಂದೆ. ನನ್ನ ಜಾಗಕ್ಕೆ ಬಂದವನಿಗೆ ಅವನ ಮದುವೆಗೇ ರಜೆ ಸಿಗಲಿಲ್ಲ ಎಂದು ಆಮೇಲೆ ತಿಳಿಯಿತು.

ಸಿಹಿ ಹಿಡಿದು ಭವನಕ್ಕೆ ಹೋದಾಗ ಸೆನ್ಸೇ ಎಲ್ಲ ಕೇಳಿ, "ಆ ಒಂಬತ್ತು?" ಅಂದರು.

"ಡ್ರಾಯರಲ್ಲಿವೆ."

"ಹೌದಾ" ಎಂದು ಲೋಟಕ್ಕೆ ಚಹಾ ಬಗ್ಗಿಸಿದರು. ಮತ್ತೆ ಆ ಮಾತು ಎತ್ತಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು...

ಕೆಲವು ವರ್ಷಗಳ ಮೇಲೆ ಅವರು ಸಗಮಿಹಾರಾಕ್ಕೆ, ಮಗಳ ಮನೆಗೆ ಹೋದರು. ಒಂದೂವರೆ ಗಂಟೆಯ ದಾರಿ; ನಾನು ಹೋಗಲಿಲ್ಲ. ಹೊಸ ವರ್ಷಕ್ಕೆ ಕಾರ್ಡು ಬರುತ್ತಿತ್ತು, ಕಳಿಸುತ್ತಿದ್ದೆ. ಹೋದ ಡಿಸೆಂಬರಿನಲ್ಲಿ ಮಗಳ ಕೈಬರಹದ ಬೂದು ಅಂಚಿನ ಕಾರ್ಡು ಬಂತು. ತಾಯಿ ತೀರಿಕೊಂಡರು, ಮನೆಯಲ್ಲಿ ಸೂತಕವಿದೆ, ಈ ಸಲ ಶುಭಾಶಯ ಬೇಡ.

ಇವತ್ತು ಆ ಹೆಣ್ಣುಮಗಳನ್ನು ಒಳಗೆ ಕರೆದೆ. "ಯಾಕಮ್ಮಾ?"

"ಏನಿಲ್ಲ ಸರ್, ಪರ್ಸನಲ್."

ನನ್ನದೇ ಮಾತು, ನನ್ನದೇ ದನಿ. ಕೆಂಪು ಶಾಯಿಯ ಹಾಳೆಯನ್ನು ಅವಳ ಮುಂದೆ ಇಟ್ಟು, ಅದು ಏನೆಂದು ಹೇಳಿದೆ. ನಿಮ್ಮ ಪಟ್ಟಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ ಎಂದೆ.

"ಬರೆದ್ರೆ ಏನಾಗತ್ತೆ ಸರ್?"

"ನಾನು ಓದ್ತೀನಿ" ಅಂದೆ.

ಅವಳು ಒಂದು ಖಾಲಿ ಹಾಳೆ ತೆಗೆದುಕೊಂಡು ಹೋದಳು. ನಾನು ಕೂತೆ, ಎದ್ದೆ, ಕೆಳಗಿನ ಕೊಂಬಿನಿ ಅಂಗಡಿಗೆ ಹೋಗಿ ಬೇಡದ ಕಾಫಿ ತಂದೆ. ಮಧ್ಯಾಹ್ನ ಅವಳು ಬಾಗಿಲಲ್ಲಿ ನಿಂತು ಇನ್ನೊಂದು ಹಾಳೆ ಕೇಳಿದಳು. ಕೊಟ್ಟೆ. ಮೇಜಿನ ಮೇಲೆ ಕೆಂಪು ಪೆನ್ನು ಇತ್ತು. ಈ ಪಟ್ಟಿಯನ್ನು ತಿದ್ದುವ ಹಕ್ಕು ನನಗಿರಲಿಲ್ಲ, ತಿದ್ದಬೇಕಾದವರು ಇಲ್ಲ. ಪೆನ್ನನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ.