ಕೆಳಗಿಟ್ಟ ಸುತ್ತಿಗೆ

ನಾಗಪುರದ ಹೊರಗೆ, ಕನ್ಹಾನ್ ನದಿ ದಂಡೆಯ ಮೇಲೆ ಕಬ್ಬಿಣದ ದೋಣಿ ಕಟ್ಟುತ್ತಾರೆ. ಅಲ್ಲಿನ ಕೆಲಸದ ಫೋಟೊ ತೆಗೆಯಲು ಹೋದವಳಿಗೆ ಬಾಗಲಕೋಟೆಯ ಶಿವಪ್ಪ ಸಿಕ್ಕಿದರು. ಅವರ ತಮ್ಮ ದೋಣಿಯ ಹೊಟ್ಟೆಯೊಳಗೆ ಇಳಿದು ವೆಲ್ಡಿಂಗ್ ಮಾಡುತ್ತಿದ್ದ. ಒಳಗೆ ಬರೀ ಹೊಗೆ. ಶಿವಪ್ಪ ಹೊರಗಿನಿಂದ ಆಗಾಗ ಸುತ್ತಿಗೆಯಲ್ಲಿ ಎರಡು ಸಲ ಬಡಿಯುತ್ತಿದ್ದರು. ಒಳಗಿನಿಂದಲೂ ಎರಡು ಏಟು ಕೇಳಿಸುತ್ತಿತ್ತು.

“ಎಚ್ಚರ ಅದಾನಂತ ಗೊತ್ತಾಗಬೇಕಲ್ರಿ,” ಎಂದರು.

ನನಗೆ ಅವರ ಮುಖದ ಮೇಲೆ ಬಿಸಿಲು ಬೇಕಿತ್ತು. “ಸುತ್ತಿಗೆ ಕೆಳಗಿಟ್ಟು ಸ್ವಲ್ಪ ಈಚೆ ಬನ್ನಿ,” ಎಂದೆ. ಬಂದು ನಿಂತರು. ಮೂರು ಫೋಟೊ ತೆಗೆದೆ.

ಅವರು ವಾಪಸ್ ಹೋಗಿ ಬಡಿದಾಗ ಒಳಗಿನಿಂದ ಸದ್ದಿಲ್ಲ. ಮತ್ತೆ ಬಡಿದರು. ಇಲ್ಲ.

“ಜಲ್ದಿ ಬರ್ರಿ,” ಎಂದು ಕಿಂಡಿಯೊಳಗೆ ಬಾಗಿ ತಮ್ಮನ ತೋಳು ಹಿಡಿದರು. ನಾನೂ ಕೈಹಾಕಿ ಎಳೆದೆ. ಆ ಮೈ ಭಾರವಾಗಿತ್ತು, ಕತ್ತು ಜೋಲುತ್ತಿತ್ತು. ನೆರಳಲ್ಲಿ ಮಲಗಿಸಿ ಮುಖಕ್ಕೆ ನೀರು ಚಿಮುಕಿಸಿದೆವು. ಎಷ್ಟೋ ಹೊತ್ತಾದ ಮೇಲೆ ಕೆಮ್ಮಿದ.

ಶಿವಪ್ಪ ಬೈಯಲಿಲ್ಲ. ಕಣ್ಣೊರೆಸಿಕೊಂಡು, “ಫೋಟೊ ಬರೋಬರ್ ಬಂದಾವೇನ್ರಿ?” ಎಂದು ಕೇಳಿದರು.

ಈಗ ಬಸ್ಸಿನಲ್ಲಿ ಕೂತು ನೋಡುತ್ತಿದ್ದೇನೆ. ಮೂರರಲ್ಲೂ ಬೆಳಕು ಚೆನ್ನಾಗಿದೆ. ಮೂರರಲ್ಲೂ ಸುತ್ತಿಗೆ ನೆಲದ ಮೇಲಿದೆ.